ಹುಡುಗಿಯರ ಲ್ಯಾಕ್ರೋಸ್‌ಗೆ ಕನ್ನಡಕ ಸಾಕೇ, ಹೆಲ್ಮೆಟ್ ಬೇಕೇ?

ಗೋಣಿಕೊಪ್ಪದ ತಾಯಿ: ಮಗಳ ಶಾಲೆಯಲ್ಲಿ ಲ್ಯಾಕ್ರೋಸ್ ಕಲಿಸುತ್ತಾರಂತೆ, ತುದಿಯಲ್ಲಿ ಬಲೆಯಿರುವ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಆಟ. ಸಾಮಾನಿನ ಪಟ್ಟಿ ಬಂದಿದೆ. ಹುಡುಗರಿಗೆ ಮುಖಕ್ಕೆ ಜಾಲರಿಯಿರುವ ಹೆಲ್ಮೆಟ್, ಕೈಗವಸು, ಭುಜದ ಪ್ಯಾಡ್. ಹುಡುಗಿಯರಿಗೆ ತಂತಿಯ ಕನ್ನಡಕ, ಮೌತ್‌ಗಾರ್ಡ್, ಅಷ್ಟೇ. ಚೆಂಡು ಇಬ್ಬರಿಗೂ ಒಂದೇ ಅಲ್ಲವೇ? ನನ್ನ ಮಗಳ ತಲೆ ಅಗ್ಗವೇ?

ಹಳೆಯ ಫುಲ್‌ಬ್ಯಾಕ್: ಪಟ್ಟಿ ಸರಿಯಾಗಿದೆ ಅಕ್ಕ. ಹುಡುಗರ ಆಟದಲ್ಲಿ ಮೈಗೆ ಮೈ ಡಿಕ್ಕಿ ಹೊಡೆಯಲು ನಿಯಮವೇ ಬಿಡುತ್ತದೆ, ಹುಡುಗಿಯರ ಆಟದಲ್ಲಿ ಬಿಡುವುದಿಲ್ಲ. ಅಷ್ಟಕ್ಕೂ ಅದು ರಬ್ಬರ್ ಚೆಂಡು. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ, ಕೊಡವ ಕುಟುಂಬಗಳೇ ತಂಡಗಳಾಗಿ ಆಡುವ ಕೌಟುಂಬಿಕ ಹಾಕಿಯಲ್ಲಿ ನಮ್ಮ ಹೆಣ್ಣುಮಕ್ಕಳು ಬರಿದಲೆಯಲ್ಲೇ ಆಡುತ್ತಾರೆ.

ಪೊನ್ನಂಪೇಟೆ ಗೋಲ್‌ಕೀಪರ್: "ರಬ್ಬರ್ ಚೆಂಡು" ಎಂದಿರಲ್ಲ, ಒಮ್ಮೆಯಾದರೂ ಕೈಯಲ್ಲಿ ಹಿಡಿದಿದ್ದೀರಾ? ಒಳಗೆ ಗಾಳಿಯಿಲ್ಲ, ಇಡೀ ಗಟ್ಟಿ ರಬ್ಬರ್, ಸುಮಾರು 145 ಗ್ರಾಂ. ಎದೆಯೆತ್ತರದಿಂದ ಸಿಮೆಂಟಿನ ಮೇಲೆ ಬಿಟ್ಟರೆ ಸೊಂಟದವರೆಗೆ ಪುಟಿಯುತ್ತದೆ.

ಹಳೆಯ ಫುಲ್‌ಬ್ಯಾಕ್: 145 ಎಂದು ನೀವೇ ಬರೆದಿರಿ. ಹಾಕಿ ಚೆಂಡು 156ರಿಂದ 163 ಗ್ರಾಂ. ಹಗುರ ಯಾವುದು, ಹೇಳಿ.

ಪೊನ್ನಂಪೇಟೆ ಗೋಲ್‌ಕೀಪರ್: ಹತ್ತು ಹದಿನೈದು ಗ್ರಾಂ ಹಿಡಿದು ಜೋತಾಡಬೇಡಿ! ಹಾಕಿ ಚೆಂಡು ಬಹುಪಾಲು ನೆಲದ ಮೇಲೆ ಉರುಳುತ್ತದೆ. ಇದು ಕೋಲಿನ ಬಲೆಯಿಂದ ಬಲೆಗೆ ತಲೆಯೆತ್ತರದಲ್ಲೇ ಹಾರುತ್ತದೆ.

ಹಳೆಯ ಫುಲ್‌ಬ್ಯಾಕ್: "ಉರುಳುತ್ತದೆ" ಎಂದರೆ ಏನು ಮಾತು? ಕೋಲಿನಲ್ಲಿ ಎಳೆದು ಮೇಲಕ್ಕೆ ಚಿಮ್ಮಿಸುವ ಡ್ರ್ಯಾಗ್‌ಫ್ಲಿಕ್ ಉರುಳುತ್ತದೆಯೇ? ನನ್ನ ಹುಬ್ಬಿನ ಮೇಲೆ ಏಳು ಹೊಲಿಗೆಯ ಗುರುತಿದೆ, ಇಂದಿಗೂ ಅಲ್ಲಿ ಕೂದಲು ಬೆಳೆಯುವುದಿಲ್ಲ.

ಗೋಣಿಕೊಪ್ಪದ ತಾಯಿ: ಏಳು ಹೊಲಿಗೆ ಹಾಕಿಸಿಕೊಂಡ ನೀವೇ ಹೆಲ್ಮೆಟ್ ಬೇಡ ಎನ್ನುತ್ತಿದ್ದೀರಿ!

ಹಳೆಯ ಫುಲ್‌ಬ್ಯಾಕ್: ಹೊಲಿಗೆ ಬಿದ್ದದ್ದು ಹುಬ್ಬಿಗೆ. ಆ ಕನ್ನಡಕ ಕಾಯುವುದು ಆ ಜಾಗವನ್ನೇ.

ಮಡಿಕೇರಿಯ ದೈಹಿಕ ಶಿಕ್ಷಕ: ತಲೆಯ ಜಗಳದಲ್ಲಿ ಎದೆಯನ್ನು ಮರೆತಿದ್ದೀರಿ. ಎರಡು ಬಡಿತಗಳ ನಡುವಿನ ಒಂದು ಕ್ಷಣಕ್ಕೆ ಸರಿಯಾಗಿ ಚೆಂಡು ತಾಗಿದರೆ, ಎಲುಬು ಮುರಿಯದೆಯೇ ಹೃದಯದ ಲಯ ತಪ್ಪಿ ಮಕ್ಕಳು ಕುಸಿದು ಬೀಳುತ್ತಾರೆ. ಅದಕ್ಕೆಂದೇ ಅಮೆರಿಕದಲ್ಲಿ 2022ರಿಂದ ಹುಡುಗರ ಎದೆ ಪ್ಯಾಡ್‌ಗೆ ಹೊಸ ಮಾನದಂಡ ಕಡ್ಡಾಯವಾಗಿದೆ. ಫ್ಲಾರಿಡಾದ ಹೈಸ್ಕೂಲ್ ಹುಡುಗಿಯರಿಗೆ ಮೆತ್ತನೆಯ ಹೆಲ್ಮೆಟ್ ಕೂಡ ಕಡ್ಡಾಯ.

ಹಳೆಯ ಫುಲ್‌ಬ್ಯಾಕ್: ಐವತ್ತು ರಾಜ್ಯಗಳಲ್ಲಿ ಫ್ಲಾರಿಡಾ ಒಂದೇ ಸಿಕ್ಕಿತೇ ಸರ್? ಮೆತ್ತನೆಯ ಫೋಮ್ ನಮ್ಮ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಎಷ್ಟು ದಿನ ಬಾಳುತ್ತದೆ?

ಪೊನ್ನಂಪೇಟೆ ಗೋಲ್‌ಕೀಪರ್: ನನ್ನ ಹೆಲ್ಮೆಟ್ಟಿನ ಫೋಮಿಗೂ ಬೂಷ್ಟು ಹಿಡಿದಿತ್ತು. ಬಿಚ್ಚಿ, ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟೆ. ಈ ಭಾನುವಾರವೂ ಅದನ್ನೇ ಹಾಕಿಕೊಂಡು ಆಡಿದೆ.

ಗೋಣಿಕೊಪ್ಪದ ತಾಯಿ: ಸರ್, ಆ ಮೆತ್ತನೆಯ ಹೆಲ್ಮೆಟ್ ಹದಿಮೂರರ ಹುಡುಗಿಗೆ ಯಾವ ಅಳತೆಯದು ಬೇಕು?

ಹಳೆಯ ಫುಲ್‌ಬ್ಯಾಕ್: ಕೊಳ್ಳುವುದು ನಿಮ್ಮಿಷ್ಟ. ಹಾಕಿ ಚೆಂಡೇ ಭಾರ.