ಮಂಗಳೂರಿನಲ್ಲಿ ರಿಕ್ರೂಟರ್ ಕೆಲಸಕ್ಕೆ ಕರೆದಿದ್ದಾರೆ, ಸೇರಬಹುದಾ?

ಕುಂಬಳೆ ಹುಡುಗಿ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಗೋವಿಂದ ಪೈ ಕಾಲೇಜಿನಲ್ಲಿ ಬಿಕಾಂ ಮುಗಿಸಿದ್ದೇನೆ. ಹತ್ತನೆಯವರೆಗೆ ಕಲಿತದ್ದು ಕನ್ನಡ ಮೀಡಿಯಂ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಗೆಳತಿಯರ ಜೊತೆ ತುಳು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಫೋನಿನಲ್ಲಿ ಮಾತಾಡಲು ಹೆದರಿಕೆ.

ಕಂಪನಿಗಳಿಗೆ ಜನ ಹುಡುಕಿಕೊಡುವ ಮಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ರಿಕ್ರೂಟರ್ ಕೆಲಸಕ್ಕೆ ಕರೆದಿದ್ದಾರೆ. ತಿಂಗಳಿಗೆ 15,000, ಮೇಲೆ ಇನ್ಸೆಂಟಿವ್ ಅಂತೆ. "ಜನ ಹಿಡಿದುಕೊಡುವ ಕೆಲಸ ಎಂತಕ್ಕೆ, ಬ್ಯಾಂಕ್ ಪರೀಕ್ಷೆ ಬರಿ" ಎನ್ನುತ್ತಾರೆ ಅಪ್ಪ. ಈ ನಡುವೆ ಪರಿಚಯದವರೊಬ್ಬರು ಇನ್ನೊಂದು ಮಾತು ಹೇಳಿದ್ದಾರೆ. ಗಲ್ಫಿಗೆ ಹುಡುಗರನ್ನು ಹುಡುಕಿಕೊಡಬೇಕು, ಒಬ್ಬರಿಗೆ ಇಷ್ಟು ಅಂತ ಕೊಡುತ್ತಾರಂತೆ. ಎರಡೂ ಒಂದೇ ಬಗೆಯ ಕೆಲಸವಾ? ತಿಳಿದವರು ಹೇಳಿ.

ಮುಳ್ಳೇರಿಯ ಅಕ್ಕ

ತಂಗಿ, ಎರಡೂ ಒಂದೇ ಅಲ್ಲ. ಗಲ್ಫಿನ ವಿಷಯ ಅಲ್ಲಿರುವವರು ಯಾರಾದರೂ ಹೇಳಲಿ. ಕನ್ಸಲ್ಟೆನ್ಸಿಯದ್ದು ನಾನು ಹೇಳುತ್ತೇನೆ. ನಾನೂ ಮಂಗಳೂರಿನಲ್ಲಿ ಹೀಗೇ ಶುರು ಮಾಡಿದವಳು, ಈಗ ಬೆಂಗಳೂರಿನಲ್ಲಿ ಒಂದು ಕಂಪನಿಯ ಒಳಗೇ ಇದೇ ಕೆಲಸ ಮಾಡುತ್ತಿದ್ದೇನೆ.

ಮೊದಲು ದುಡ್ಡು ಯಾರು ಕೊಡುತ್ತಾರೆ ಎಂದು ತಿಳಿದುಕೊ. ಜನ ಬೇಕಾದ ಕಂಪನಿ ಕೊಡಬೇಕು, ಕೆಲಸ ಹುಡುಕುವವರಲ್ಲ. ಸೇರಿದವರ ವರ್ಷದ ಸಂಬಳದ 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳದಷ್ಟು ಕಮಿಷನ್, ಇದು ಮಾಮೂಲಿ ಲೆಕ್ಕ. ಸೇರಿದವರು ಮೂರು ತಿಂಗಳೊಳಗೆ ಬಿಟ್ಟರೆ ಬೇರೆಯವರನ್ನು ಕೊಡಬೇಕು ಎಂಬ ಷರತ್ತು ಹೆಚ್ಚಿನ ಕಡೆ ಇರುತ್ತದೆ. ಹಾಗಾಗಿ ನಿನ್ನ ಇನ್ಸೆಂಟಿವ್ ಯಾವಾಗ ಕೈಗೆ ಬರುತ್ತದೆ ಎಂದು ಈಗಲೇ ಕೇಳು. ಕ್ಯಾಂಡಿಡೇಟ್ ಸೇರಿದ ತಿಂಗಳಲ್ಲಾ, ಮೂರು ತಿಂಗಳು ಕಳೆದ ಮೇಲಾ? ಉತ್ತರ ಬರವಣಿಗೆಯಲ್ಲಿರಲಿ. ಕೆಲಸ ಹುಡುಕಿ ಬರುವವರ ಹತ್ತಿರ ರಿಜಿಸ್ಟ್ರೇಷನ್ ಫೀ ಅಂತ ತಗೊಳ್ಳುವ ಆಫೀಸಾದರೆ ಅಲ್ಲಿಗೆ ಸೇರಬೇಡ. ಕೆಲಸ ಇಲ್ಲದವರ ಕಿಸೆಯಿಂದ ನಿನ್ನ ಸಂಬಳ ಬರುವುದು ಬೇಡ.

ದಿನದ ಕೆಲಸ ಹೀಗೆ. ಬೆಳಿಗ್ಗೆ ಜೆಡಿ, ಅಂದರೆ ಎಂಥ ಕೆಲಸಕ್ಕೆ ಎಂಥವರು ಬೇಕು ಎಂಬ ವಿವರ, ಬರುತ್ತದೆ. ನೌಕ್ರಿ ವೆಬ್‌ಸೈಟು, ಲಿಂಕ್ಡ್‌ಇನ್‌ನಲ್ಲಿ ರೆಸ್ಯೂಮೆ ಹುಡುಕುತ್ತೀ. ಫೋನ್ ಮಾಡುತ್ತೀ. ಸರಿಹೊಂದುವವರನ್ನು ಇಂಟರ್ವ್ಯೂಗೆ ಲೈನಪ್ ಮಾಡುತ್ತೀ. ಎಲ್ಲವನ್ನೂ ಎಕ್ಸೆಲ್ ಶೀಟಿನಲ್ಲಿ ಬರೆದಿಡುತ್ತೀ. ಇದನ್ನು ಒಂದು ವಾರದಲ್ಲಿ ಯಾರು ಬೇಕಾದರೂ ಕಲಿಯಬಹುದು.

ಕಲಿಯಲು ಸಮಯ ಬೇಕಾಗುವುದು ಫೋನಿನ ಮಾತು. ಹೆಚ್ಚಿನವರು ಜೆಡಿಯನ್ನು ಗಡಗಡ ಓದಿ "ಇಂಟರೆಸ್ಟ್ ಉಂಟಾ" ಎಂದು ಕೇಳಿ ಮುಗಿಸುತ್ತಾರೆ. ಆ ಕಡೆಯವರು "ಹಾಂ" ಎನ್ನುತ್ತಾರೆ, ಇಂಟರ್ವ್ಯೂ ದಿನ ಫೋನ್ ಎತ್ತುವುದಿಲ್ಲ. ನೀನು ಬೇರೆ ಪ್ರಶ್ನೆ ಕೇಳು. ಈಗಿನ ಕೆಲಸ ಯಾಕೆ ಬಿಡುತ್ತಿದ್ದೀರಿ? ಮನೆಯಲ್ಲಿ ಯಾರ ಹತ್ತಿರ ಕೇಳಬೇಕು? ಉಪ್ಪಳದಿಂದ ಬರುವವರಾದರೆ ಶಿಫ್ಟ್ ಮುಗಿಯುವಾಗ ರೈಲು ಉಂಟಾ? ನೋಟಿಸ್, ಅಂದರೆ ಕೆಲಸ ಬಿಡುತ್ತೇನೆ ಎಂದ ಮೇಲೂ ಅಲ್ಲಿ ದುಡಿಯಬೇಕಾದದ್ದು, ಎಷ್ಟು ದಿನ? ಐಟಿ ಕಂಪನಿಗಳಲ್ಲಿ ಅದು 90 ದಿನವೂ ಇರುತ್ತದೆ. ಅಷ್ಟರಲ್ಲಿ ಇನ್ನೊಂದು ಆಫರ್ ಬಂದು ಮನಸ್ಸು ಬದಲಾಗುವುದು ಸಹಜ. ಆಫರ್ ಆದ ಮೇಲೂ ವಾರಕ್ಕೊಮ್ಮೆ ಮಾತಾಡುತ್ತಿರು.

ಸಂಬಳದ ಲೆಕ್ಕವನ್ನು ಮುಚ್ಚಿಡಬೇಡ. ನೀನು ಬಿಕಾಂ, ನಿನಗೆ ಇದು ಸುಲಭ. ಆಸ್ಪತ್ರೆಯ ಬಿಲ್ಲಿಂಗ್ ಕೆಲಸಕ್ಕೆ 18,000 ಗ್ರಾಸ್ (ಕಡಿತಕ್ಕೆ ಮೊದಲಿನ ಒಟ್ಟು ಸಂಬಳ), ಅದರಲ್ಲಿ ಬೇಸಿಕ್ (ಮೂಲ ಸಂಬಳ) 10,000 ಎಂದಿಟ್ಟುಕೊ. ಬೇಸಿಕ್ ಮೇಲೆ 12 ಪರ್ಸೆಂಟ್ ಪಿಎಫ್ ಅಂದರೆ 1,200 ಹೋಯಿತು. 21,000ದ ಒಳಗಿನ ಸಂಬಳವಾದ್ದರಿಂದ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಉಂಟು, ಗ್ರಾಸಿನ 0.75 ಪರ್ಸೆಂಟ್ ಅಂದರೆ 135. ಕೈಗೆ ಬರುವುದು 16,665. ಸಿಟಿಸಿ, ಅಂದರೆ ಒಬ್ಬರಿಗೆ ಕಂಪನಿ ಮಾಡುವ ಒಟ್ಟು ಖರ್ಚು, ಹೇಳುವಾಗ ಕಂಪನಿ ತುಂಬುವ ಪಿಎಫ್, ಇಎಸ್‌ಐ ಪಾಲೂ ಸೇರಿ ಅಂಕೆ ದೊಡ್ಡದಾಗಿ ಕಾಣುತ್ತದೆ. ಹುಡುಗ ಆ ದೊಡ್ಡ ಅಂಕೆ ನಂಬಿ ಪಂಪ್‌ವೆಲ್ ಹತ್ತಿರ ರೂಮು ಹಿಡಿದರೆ ಮೊದಲ ತಿಂಗಳೇ ಕಷ್ಟಕ್ಕೆ ಬೀಳುತ್ತಾನೆ. ಇಎಸ್‌ಐಯಿಂದ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ, ಅದನ್ನೂ ಹೇಳು. ಕಡಿತ ಅಂದರೆ ಬರೀ ನಷ್ಟ ಎಂದು ತಿಳಿಯುವವರು ಜಾಸ್ತಿ.

ಇನ್ನೊಂದು, ನಮ್ಮ ಊರಿನವರಿಗೆ ಮಾತ್ರ ಬೇಗ ಗೊತ್ತಾಗುವ ವಿಷಯ. ಇಲ್ಲಿನ ಹಲವರ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿಗೆ ಇನಿಶಿಯಲ್ ಮಾತ್ರ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಪಾನ್ ಕಾರ್ಡಿನಲ್ಲಿ ಮತ್ತೊಂದು ರೀತಿ. ಬ್ಯಾಕ್‌ಗ್ರೌಂಡ್ ಚೆಕ್, ಅಂದರೆ ದಾಖಲೆಗಳ ತನಿಖೆ, ಮಾಡುವವರು ಅಲ್ಲಿಗೇ ಫೈಲ್ ನಿಲ್ಲಿಸುತ್ತಾರೆ. ಮೊದಲ ಕರೆಯಲ್ಲೇ ಇದನ್ನು ಕೇಳಿ, ಸರಿ ಮಾಡಿಸಲು ಹೇಳು. ಹಳೆಯ ಕೆಲಸ ಮುಚ್ಚಿಟ್ಟರೆ ಪಿಎಫ್ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ ಎಂದೂ ಮೊದಲೇ ತಿಳಿಸು.

ಇಂಗ್ಲಿಷಿಗೆ ಹೆದರಬೇಡ, ಅದು ಮಾತಾಡುತ್ತಾ ಬರುತ್ತದೆ. ಕಣ್ಣೂರಿನ ನರ್ಸಿಗೆ ಮಲಯಾಳದಲ್ಲಿ, ಪುತ್ತೂರಿನ ಅಕೌಂಟೆಂಟಿಗೆ ಕನ್ನಡದಲ್ಲಿ, ಸುರತ್ಕಲ್ಲಿನ ಫಿಟ್ಟರಿಗೆ ತುಳುವಿನಲ್ಲಿ ಒಂದೇ ಮಧ್ಯಾಹ್ನ ಮಾತಾಡಬಲ್ಲವರು ಎಷ್ಟು ಮಂದಿ ಸಿಗುತ್ತಾರೆ? ಇಂಟರ್ವ್ಯೂನಲ್ಲಿ ಇದನ್ನೇ ಮೊದಲು ಹೇಳು. 15,000 ಎಂದವರ ಹತ್ತಿರ ಸ್ವಲ್ಪ ಜಾಸ್ತಿ ಕೇಳಲೂ ಇದು ಸಾಕು.

ಉಪ್ಪಳದವ, ಈಗ ಶಾರ್ಜಾ

ಅಕ್ಕ ಹೇಳಿದ್ದು ಸರಿ. ಗಲ್ಫಿನ ಬಗ್ಗೆ ನಾನು ಹೇಳುತ್ತೇನೆ.

1983ರ ವಲಸೆ ಕಾಯ್ದೆ ಪ್ರಕಾರ ರಿಜಿಸ್ಟ್ರೇಷನ್ ಇಲ್ಲದೆ ಯಾರೂ ವಿದೇಶದ ಕೆಲಸಕ್ಕೆ ಜನ ಸೇರಿಸುವ ಹಾಗಿಲ್ಲ. ನಿಮ್ಮ ಪರಿಚಯದವರಿಗೆ ಆ ಸರ್ಟಿಫಿಕೇಟ್ ಉಂಟಾ? ಕೇಂದ್ರ ಸರ್ಕಾರದ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ರಿಜಿಸ್ಟರ್ ಆದ ಏಜೆಂಟರ ಪಟ್ಟಿ ಉಂಟು, ಹೆಸರು ಹಾಕಿ ನೋಡಿ. ಅವರ ಕೈಕೆಳಗೆ ಊರೂರಲ್ಲಿ ಸಬ್ ಏಜೆಂಟ್ ಆಗುವುದಕ್ಕೂ ಕಾನೂನಿನಲ್ಲಿ ಜಾಗವಿಲ್ಲ. ಲೈಸೆನ್ಸ್ ಇದ್ದ ಏಜೆಂಟರೂ ಒಬ್ಬರಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸರ್ವಿಸ್ ಚಾರ್ಜ್ ತಗೊಳ್ಳುವಂತಿಲ್ಲ.

ವಿಸಿಟ್ ವೀಸಾದಲ್ಲಿ ಬಂದು ಕೆಲಸ ಸಿಗದೆ, ರೂಮಿನ ಬಾಡಿಗೆಗೂ ದುಡ್ಡಿಲ್ಲದೆ ಕೂತ ಹುಡುಗರನ್ನು ಇಲ್ಲಿ ನೋಡುತ್ತಿರುತ್ತೇನೆ. ಅಮ್ಮನ ಚಿನ್ನ ಅಡವಿಟ್ಟು ಬಂದವರು ಅವರು. ಅಂಥವರ ಮನೆಯವರು ನಾಳೆ ಏಜೆಂಟನನ್ನು ಕೇಳುವುದಿಲ್ಲ, ಊರಿನಲ್ಲೇ ಇರುವ ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ದಯವಿಟ್ಟು ಆ ಕೆಲಸ ಬೇಡ ತಂಗಿ. ಯಾರಾದರೂ ಗಲ್ಫಿಗೆ ದಾರಿ ಕೇಳಿದರೆ ಕೇರಳ ಸರ್ಕಾರದ ಒಡೆಪೆಕ್, ನೋರ್ಕಾ ರೂಟ್ಸ್ ಸಂಸ್ಥೆಗಳ ಕಡೆ ಕಳಿಸಿ.

ಕುಂಬಳೆ ಹುಡುಗಿ

ತುಂಬ ಉಪಕಾರ ಅಕ್ಕ, ಅಣ್ಣ. ಆ ವೆಬ್‌ಸೈಟಿನಲ್ಲಿ ನೋಡಿದೆ, ಅವರ ಹೆಸರಿಲ್ಲ. ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಅಪ್ಪನಿಗೂ ಈ ಉತ್ತರಗಳನ್ನು ಓದಿ ಹೇಳಿದೆ. ಪಿಎಫ್ ಲೆಕ್ಕ ಕೇಳಿ "ಇದೆಲ್ಲ ಉಂಟಾ ಈ ಕೆಲಸದಲ್ಲಿ" ಎಂದರು.

ಇನ್ನೊಂದು ಸಂಶಯ. ಅಮೆರಿಕದ ಕಂಪನಿಗಳಿಗೆ ಜನ ಹುಡುಕುವ ರಾತ್ರಿ ಪಾಳಿಯೂ ಇದೆ, ಅದಕ್ಕೆ ಸಂಬಳ ಹೆಚ್ಚು ಎಂದಿದ್ದಾರೆ. ಯಾವುದು ತಗೊಳ್ಳಲಿ?

ಮುಳ್ಳೇರಿಯ ಅಕ್ಕ

ಮೊದಲ ವರ್ಷ ಹಗಲಿನದ್ದೇ ತಗೊ. ರಾತ್ರಿ ಪಾಳಿಯಲ್ಲಿ ಅಲ್ಲಿನ ವೀಸಾ, ಗಂಟೆ ಲೆಕ್ಕದ ಸಂಬಳ, ಅಲ್ಲಿನ ತೆರಿಗೆ ಕಲಿಯುತ್ತೀ. ಅದೂ ಒಳ್ಳೆಯ ವಿದ್ಯೆಯೇ, ಆದರೆ ನಿನ್ನ ಮಲಯಾಳ, ತುಳು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಗಲಾದರೆ ಕುಂಬಳೆಯಿಂದ ರೈಲಿನ ಸೀಸನ್ ಟಿಕೆಟ್‌ನಲ್ಲಿ ಹೋಗಿ ಬರಬಹುದು, ಪಿಜಿ ಖರ್ಚು ಉಳಿಯುತ್ತದೆ. ರಾತ್ರಿಯದ್ದೇ ಬೇಕು ಎಂದು ಅವರು ಹಟ ಹಿಡಿದರೆ, ಆಫೀಸಿನ ಗಾಡಿ ಕೇರಳ ಗಡಿಯ ತಲಪಾಡಿ ದಾಟಿ ನಿನ್ನ ಮನೆಯವರೆಗೆ ಬರುತ್ತದಾ ಎಂದು ಕೇಳು. ಮಂಗಳೂರಿನ ಆಫೀಸುಗಳಲ್ಲಿ ಕೆಲವುಗಳ ಗಾಡಿ ಗಡಿ ದಾಟುವುದಿಲ್ಲ.