ಇಂಜಿನ್ ಮೈಮೇಲಿನ ಎಚ್ಚರಿಕೆ ಗುರುತುಗಳು: ಯಾವುದು ಎಲ್ಲಿ, ಯಾಕೆ?

ಕೋಥ್ರೂಡ್ ಹಳಿಗಾರ:

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿದ್ದೇನೆ, ಊರು ಗದಗ. ಮುಂಬೈ ಹತ್ತಿರದ ಕಲ್ಯಾಣ ಶೆಡ್ಡಿನ ಡಬ್ಲ್ಯೂಎಪಿ-7 ಎಂಬ ವಿದ್ಯುತ್ ಇಂಜಿನ್ನಿನ ಮಾದರಿಯನ್ನು 1:87 ಅಳತೆಯಲ್ಲಿ ಮಾಡುತ್ತಿದ್ದೇನೆ. ಬಿಳಿ ಮೈ, ಕೆಂಪು ಪಟ್ಟಿ ಎಲ್ಲಾ ಆಯಿತು. ಈಗ ಉಳಿದಿರುವುದು ಸಣ್ಣ ಸಣ್ಣ ಬರಹಗಳು. ಪುಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಿಂದ ತೆಗೆದ ಫೋಟೋ ಹಿಗ್ಗಿಸಿ ನೋಡಿದರೆ ಮಿಂಚಿನ ಗುರುತಿನ ಕೆಂಪು ಪಟ್ಟಿ, ಬಫರ್ ಕೆಳಗೆ ಹಸಿರು ಮತ್ತು ಬಿಳಿ ಬಣ್ಣದ ಪೈಪ್ ತುದಿ, ಮುಂಭಾಗದಲ್ಲಿ ಒಂದು ಹಳದಿ ದೀಪ, ಪಕ್ಕದಲ್ಲಿ ಸ್ಟೆನ್ಸಿಲ್ಲಿನಲ್ಲಿ ಬರೆದ ತಾರೀಖು ಕಾಣುತ್ತವೆ. ಅಂದಾಜಿನ ಮೇಲೆ ಅಂಟಿಸಲು ಮನಸ್ಸಿಲ್ಲ. ಪ್ರತಿಯೊಂದೂ ಯಾಕಿದೆ ಅಂತ ಗೊತ್ತಾದರೆ ಎಲ್ಲಿರಬೇಕು ಅನ್ನುವುದೂ ತಿಳಿಯುತ್ತದೆ. ಬಲ್ಲವರು ಬಿಡಿಸಿ ಹೇಳಬೇಕು.

ಇನ್ನೊಂದು ಪ್ರಶ್ನೆ. ಗೆಳೆಯನೊಬ್ಬ ಕೊಟ್ಟ ಅಮೆರಿಕದ ಡೀಸೆಲ್ ಇಂಜಿನ್ ಮಾದರಿಯೊಂದು ನನ್ನ ಹತ್ತಿರ ಇದೆ. ಅದರ ಎರಡೂ ಪಕ್ಕದಲ್ಲಿ, ಒಂದು ತುದಿಯ ಹತ್ತಿರ, ಸಣ್ಣದಾಗಿ "ಎಫ್" ಅಂತ ಇದೆ. ಅದೇನು?

ಕಲ್ಯಾಣ ಶೆಡ್ ನಿವೃತ್ತ:

ತಮ್ಮಾ, ಕಲ್ಯಾಣದ ಎಲೆಕ್ಟ್ರಿಕ್ ಲೋಕೋ ಶೆಡ್ಡಿನಲ್ಲೇ ನೌಕರಿ ಮುಗಿಸಿದವ ನಾನು. ಇಂಜಿನ್ ಬಗ್ಗೆ ಕೇಳುವ ಹುಡುಗರು ಬಹಳ ಮಂದಿ. ವೇಗ ಎಷ್ಟು, ಅಶ್ವಶಕ್ತಿ ಎಷ್ಟು ಅಂತ ಕೇಳುತ್ತಾರೆ. ಈ ಪಟ್ಟಿಗಳನ್ನು ಕೇಳಿದವರು ಕಡಿಮೆ. ಅದಕ್ಕೇ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದು.

ಇಂಜಿನ್ ಮೇಲೆ ಕೆಲಸಗಾರನ ಕೈ ಎಲ್ಲಿ ಹೋಗುತ್ತದೋ, ಕಾಲು ಎಲ್ಲಿ ಊರುತ್ತದೋ, ಅಲ್ಲಿ ಎಚ್ಚರಿಕೆ ಇರುತ್ತದೆ. ನೆತ್ತಿಗೆ ಹತ್ತುವ ಏಣಿ, ಯಂತ್ರಕೋಣೆಯೊಳಗಿನ ವಿದ್ಯುತ್ ಪೆಟ್ಟಿಗೆಗಳ ಬಾಗಿಲು, ಮುಚ್ಚಳ. ಮಿಂಚಿನ ಗುರುತು, ತಲೆಬುರುಡೆಯ ಚಿತ್ರ ಇರುವುದು ಓದು ಬಾರದವನಿಗೂ ತಿಳಿಯಲಿ ಅಂತ.

ಹಳಿಯ ಮೇಲಿನ ತಂತಿಯಲ್ಲಿರುವ 25,000 ವೋಲ್ಟ್ ಅಂದರೆ ಏನು ಅನ್ನುವುದು ಜನಕ್ಕೆ ತಿಳಿದಿಲ್ಲ. ಮನೆಯ ಕರೆಂಟಿನ ಹಾಗೆ ಮುಟ್ಟಿದರೆ ಮಾತ್ರ ಹೊಡೆಯುತ್ತದೆ ಅಂದುಕೊಂಡಿದ್ದಾರೆ. ಅದು ತೀರಾ ಹತ್ತಿರ ಹೋದವನನ್ನು ಮುಟ್ಟದೆಯೂ ಹಿಡಿಯುತ್ತದೆ, ಗಾಳಿಯಲ್ಲೇ ಕಿಡಿ ಹಾರುತ್ತದೆ. ಹಾಗಾಗಿ ಲೈನ್ ಬಂದ್ ಮಾಡಿಸಿ ಪರ್ಮಿಟ್ ಪಡೆಯದೆ ತಂತಿಯ ಎರಡು ಮೀಟರ್ ಒಳಗೆ ಯಾರೂ ಹೋಗಬಾರದು ಅಂತ ರೈಲ್ವೆಯ ನಿಯಮ. ಲೆಕ್ಕ ಹಾಕಿ ನೋಡು. ಹಳಿಯಿಂದ ತಂತಿ ಸುಮಾರು ಐದೂವರೆ ಮೀಟರ್ ಎತ್ತರ, ಇಂಜಿನ್ನಿನ ನೆತ್ತಿ ನಾಲ್ಕು ಮೀಟರಿಗಿಂತ ಮೇಲೆ. ನಡುವೆ ಉಳಿಯುವುದು ಒಂದೂವರೆ ಮೀಟರಿಗೂ ಕಡಿಮೆ. ನೆತ್ತಿ ಹತ್ತಿದವನು ಮಲಗಿಕೊಂಡಿದ್ದರೂ ಆ ಎರಡು ಮೀಟರಿನ ಒಳಗೇ ಇದ್ದಾನೆ.

ಯಾರ್ಡೊಂದರಲ್ಲಿ ನಿಂತಿದ್ದ ಟ್ಯಾಂಕ್ ವ್ಯಾಗನ್ ಹತ್ತಿ ಫೋಟೋ ತೆಗೆಯಲು ಮೊಬೈಲ್ ಹಿಡಿದ ಕೈ ಮೇಲೆತ್ತಿದ ಹುಡುಗನನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವನು ತಂತಿ ಮುಟ್ಟಿರಲಿಲ್ಲ. ಮೈಯೆಲ್ಲ ಸುಟ್ಟಿತು. ವ್ಯಾಗನ್ನಿನ ಏಣಿಯ ಪಕ್ಕದಲ್ಲೇ ಎಚ್ಚರಿಕೆ ಇತ್ತು.

ನಮ್ಮ ಮುಂಬೈಯಲ್ಲಿ ಇದು ಇನ್ನೂ ಕಷ್ಟದ ಮಾತಾಗಿತ್ತು. 1925ರ ಫೆಬ್ರವರಿ 3ರಂದು ವಿಟಿಯಿಂದ (ಈಗಿನ ಸಿಎಸ್‌ಎಂಟಿ) ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿದಾಗ ತಂತಿಯಲ್ಲಿದ್ದದ್ದು 1,500 ವೋಲ್ಟ್ ಡಿಸಿ. ಅದೇ ಕರೆಂಟು ಸುಮಾರು ತೊಂಬತ್ತು ವರ್ಷ ನಡೆಯಿತು. ಪಶ್ಚಿಮ ರೈಲ್ವೆ 2012ರಲ್ಲಿ, ಮಧ್ಯ ರೈಲ್ವೆಯ ಮೇನ್ ಲೈನ್ 2015ರಲ್ಲಿ, ಹಾರ್ಬರ್ ಲೈನ್ 2016ರಲ್ಲಿ ಪೂರ್ತಿ 25,000 ವೋಲ್ಟ್ ಎಸಿಗೆ ಬದಲಾದವು. ತಂತಿ ನೋಡಲು ಮೊದಲಿನ ಹಾಗೇ ಇತ್ತು. 1,500 ವೋಲ್ಟೂ ಜೀವ ತೆಗೆಯುತ್ತದೆ, ಆದರೆ ಅಷ್ಟು ದೂರ ಹಾರುವುದಿಲ್ಲ. ಲೋಕಲ್ ನೆತ್ತಿ ಮೇಲೆ ಕೂತು ಹೋಗುವ ಹುಡುಗರು ಹಳೆಯ ಲೆಕ್ಕದಲ್ಲೇ ಇದ್ದರು. ಬೋರ್ಡಿನ ಮೇಲಿನ ಅಂಕಿ ಬದಲಾದದ್ದನ್ನು ಎಷ್ಟು ಜನ ಗಮನಿಸಿದರೋ ಎಂಬ ಸಂಕಟ ನನಗೆ ಈಗಲೂ ಇದೆ.

ಈಗ ಒಳಗೆ ಬಾ. ನಿನ್ನ ಮಾದರಿಯಲ್ಲಿ ಕಾಣುವುದಿಲ್ಲ, ಆದರೆ ತಿಳಿದಿರಲಿ. ಡಬ್ಲ್ಯೂಎಪಿ-7ರಲ್ಲಿ ಮೋಟಾರಿಗೆ ಬೇಕಾದ ಹಾಗೆ ಕರೆಂಟನ್ನು ಬದಲಿಸುವ ಕನ್ವರ್ಟರ್ ಪೆಟ್ಟಿಗೆಯಲ್ಲಿ, ಕರೆಂಟ್ ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳಿವೆ, ಅಲ್ಲಿ 2,800 ವೋಲ್ಟ್ ಡಿಸಿ ಇರುತ್ತದೆ. ಪ್ಯಾಂಟೋ, ಅಂದರೆ ತಂತಿಯಿಂದ ಕರೆಂಟ್ ತೆಗೆದುಕೊಳ್ಳುವ ನೆತ್ತಿಯ ಮೇಲಿನ ಮಡಚುವ ತೋಳು, ಇಳಿಸಿದ ಕೂಡಲೇ ಅದು ಖಾಲಿಯಾಗುವುದಿಲ್ಲ. ಅದಕ್ಕೇ ಕರೆಂಟ್ ತೆಗೆದ ಮೇಲೂ ಕಾಯ್ದು ತೆರೆಯಬೇಕು ಅನ್ನುವ ಎಚ್ಚರಿಕೆ. ಬರೀ ಬರಹವನ್ನು ನಂಬಿಕೊಂಡೂ ಬಿಟ್ಟಿಲ್ಲ. ಪ್ಯಾಂಟೋಗೆ ಗಾಳಿ ಹೋಗುವ ದಾರಿಯನ್ನು ಮುಚ್ಚಿದರೆ ಮಾತ್ರ ಒಂದು ಬೀಗದ ಕೈ ಹೊರಗೆ ಬರುತ್ತದೆ. ಆ ಬೀಗದ ಕೈಯಿಂದ ಅರ್ತಿಂಗ್ ಸ್ವಿಚ್ಚಿನ ಬೀಗ ತೆಗೆದು, ಇಂಜಿನ್ನಿನ ನೆತ್ತಿಯ ಲೈನನ್ನು ಭೂಮಿಗೆ ಜೋಡಿಸಬೇಕು. ಅದಾದ ಮೇಲೆಯೇ ಏಣಿಯ ಮತ್ತು ಪೆಟ್ಟಿಗೆಗಳ ಕೀಲಿಕೈ ಸಿಗುತ್ತವೆ. ಈ ಕ್ರಮವನ್ನು ದಾಟಿ ಹೋಗಲು ದಾರಿಯಿಲ್ಲ. ನಾನು ಹೊಸ ಹುಡುಗರಿಗೆ ಕಲಿಸುವಾಗ ಮೊದಲು ತೋರಿಸುತ್ತಿದ್ದದ್ದು ಇದನ್ನೇ. ಆ ಕೀಲಿಕೈ ಗೊಂಚಲು ಕೆಲಸ ಮಾಡುವವನ ಕಿಸೆಯಲ್ಲೇ ಇರಬೇಕು, ಬೇರೆಯವರ ಕೈಗೆ ಕೊಡಬಾರದು.

ಕ್ಯಾಬಿನ ಹಿಡಿಕೆಗೆ ತೂಗುಹಾಕುವ ಕೆಂಪು ಬೋರ್ಡೂ ಹಾಗೇ: "ಕೆಲಸ ನಡೆದಿದೆ, ಪ್ಯಾಂಟೋ ಎತ್ತಬೇಡಿ" ಅನ್ನುವ ಅರ್ಥದ್ದು. ತೂಗುಹಾಕಿದವನೇ ಅದನ್ನು ತೆಗೆಯಬೇಕು. ಪಕ್ಕದ ಲೈನಿನಲ್ಲಿ ಕರೆಂಟ್ ಇದ್ದರೆ ಬಂದ್ ಮಾಡಿದ ತಂತಿಯಲ್ಲೂ ವೋಲ್ಟೇಜ್ ಹುಟ್ಟುತ್ತದೆ. ಹಾಗಾಗಿ ತಂತಿಯನ್ನು ಭೂಮಿಗೆ ಜೋಡಿಸುವ ಡಿಸ್ಚಾರ್ಜ್ ರಾಡ್ ಸಿಕ್ಕಿಸದೆ ಕೈ ಹಾಕುವಂತಿಲ್ಲ.

ಹೊರಗಿನದು ಬೇಗ ಮುಗಿಸುತ್ತೇನೆ. ಬಫರ್ ಕೆಳಗೆ ಹಸಿರು ತುದಿ ಬ್ರೇಕ್ ಪೈಪ್, ಬಿಳಿ ತುದಿ ಬೋಗಿಗಳ ಗಾಳಿ ಟ್ಯಾಂಕುಗಳನ್ನು ತುಂಬಿಸುವ ಫೀಡ್ ಪೈಪ್. ಮೊದಲನೆಯದರಲ್ಲಿ ಚದರ ಸೆಂಟಿಮೀಟರಿಗೆ 5 ಕೆಜಿ ಗಾಳಿಯ ಒತ್ತಡ, ಎರಡನೆಯದರಲ್ಲಿ 6 ಕೆಜಿ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಬೋಗಿ ಜೋಡಿಸುವವನಿಗೆ ಆ ಬಣ್ಣವೇ ದಾರಿ. ಮುಂದಿನ ಹಳದಿ ದೀಪ ಫ್ಲ್ಯಾಶರ್. ತನ್ನ ಗಾಡಿಗೆ ಏನೋ ಆಗಿ ಪಕ್ಕದ ಹಳಿಗೂ ಅಡ್ಡಿಯಾಗಿರಬಹುದು ಅನ್ನಿಸಿದಾಗ ಲೋಕೋ ಪೈಲಟ್ ಅದನ್ನು ಹಾಕುತ್ತಾನೆ. ಬ್ರೇಕ್ ಪೈಪಿನ ಒತ್ತಡ ತಟ್ಟನೆ ಬಿದ್ದರೆ ತಾನೇ ಹೊತ್ತಿಕೊಳ್ಳುವ ಏರ್ಪಾಡೂ ಇದೆ. ಎದುರಿನಿಂದ ಬರುವ ಗಾಡಿಯವನು ಅದನ್ನು ಕಂಡ ಕೂಡಲೇ ನಿಲ್ಲಿಸಬೇಕು. ಪಕ್ಕದ ತಾರೀಖುಗಳು ಪಿಓಎಚ್ (ನಿಗದಿತ ಅವಧಿಗೊಮ್ಮೆ ಮಾಡುವ ಓವರ್‌ಹಾಲ್) ನಂಥ ದೊಡ್ಡ ರಿಪೇರಿಯವು.

ವಾಸ್ಕೋ ಬ್ಯಾಂಕರ್:

ಕಲ್ಯಾಣದ ಹಿರಿಯರ ಮಾತಿಗೆ ಡೀಸೆಲ್ ಕಡೆಯದೊಂದು ಸೇರಿಸುತ್ತೇನೆ. ನಾನು ಗೋವಾದಲ್ಲಿದ್ದೇನೆ. ಕುಳೆಯಿಂದ ಕ್ಯಾಸಲ್‌ರಾಕ್‌ವರೆಗಿನ 1:37 ಏರಿನಲ್ಲಿ ಹಿಂದಿನಿಂದ ಒತ್ತುತ್ತಿದ್ದ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಜಿ-4 ಇಂಜಿನ್ನುಗಳ ಒಡನಾಟ ನನ್ನದು. ಡೀಸೆಲ್‌ನಲ್ಲಿ ಎಲ್ಲರೂ ನೋಡುವುದು ಸುಡುವ ಸೈಲೆನ್ಸರ್, ತಿರುಗುವ ಫ್ಯಾನ್. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಎಚ್ಚರಿಕೆ ಬೇರೆ.

ಡಬ್ಲ್ಯೂಡಿಜಿ-4ರ ಒಳಗಿರುವುದು ಇಎಂಡಿ ಎಂಬ ಅಮೆರಿಕದ ಕಂಪನಿಯ 710 ಎಂಜಿನ್, 16 ಸಿಲಿಂಡರಿನದು, 4,000 ಅಶ್ವಶಕ್ತಿ. ಎಂಜಿನ್ನಿನ ತಳದಲ್ಲಿ ಕ್ರ್ಯಾಂಕ್ ದಂಡ ತಿರುಗುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸಿನ ಒಳಗೆ ಒತ್ತಡ ಏರಿದರೆ ಎಂಜಿನ್ ತಾನಾಗಿ ನಿಲ್ಲುತ್ತದೆ. ನಿಂತಿತು ಅಂತ ಅವಸರದಿಂದ ಪಕ್ಕದ ಮುಚ್ಚಳ ತೆರೆದು ಇಣುಕಬಾರದು. ಕನಿಷ್ಠ ಎರಡು ಗಂಟೆ ಆರಲು ಬಿಡಬೇಕು ಅಂತ ತಯಾರಕರ ಎಚ್ಚರಿಕೆ. ಕಾದು ಕೆಂಪಾದ ಬೇರಿಂಗ್ ಒಳಗಿದ್ದರೆ ಬಿಸಿ ಎಣ್ಣೆಯ ಆವಿಗೆ ಹೊರಗಿನ ಗಾಳಿ ಸೇರಿದ ಕ್ಷಣವೇ ಸ್ಫೋಟವಾಗುತ್ತದೆ. ಮಳೆಗಾಲದಲ್ಲಿ, ಘಾಟಿನ ನಡುವೆ ಗಾಡಿ ನಿಂತಿದ್ದಾಗ, ಕಂಟ್ರೋಲಿನಿಂದ ಫೋನ್ ಮೇಲೆ ಫೋನ್ ಬರುವಾಗ ಎರಡು ಗಂಟೆ ಸುಮ್ಮನೆ ಕಾಯುವುದು ಅಂದರೆ ಏನು ಅಂತ ಅಲ್ಲಿದ್ದವರಿಗೇ ಗೊತ್ತು. ಆದರೂ ಕಾಯಲೇಬೇಕು. ಬೇಕಾದರೆ ಬೇರೆ ಇಂಜಿನ್ ಬಂದು ಎಳೆದುಕೊಂಡು ಹೋಗಲಿ.

ಮುಲುಂಡ್ ಮಂಜುನಾಥ:

ಎಫ್ ಬಗ್ಗೆ: ಅಮೆರಿಕದ ಫೆಡರಲ್ ರೈಲ್‌ರೋಡ್ ನಿಯಮದ 229ನೇ ಭಾಗದಲ್ಲಿ ಅದು ಕಡ್ಡಾಯ. ಆ ತುದಿಯೇ ಇಂಜಿನ್ನಿನ ಮುಂಭಾಗ ಅಂತ ಅರ್ಥ. ಕೆಲವು ರೈಲ್‌ರೋಡ್‌ಗಳು ಉದ್ದ ಮೂತಿಯ ಕಡೆಯನ್ನೇ ಮುಂಭಾಗ ಅಂತ ಇಟ್ಟುಕೊಂಡಿದ್ದವು, ನೋಡಿದ ಮಾತ್ರಕ್ಕೆ ಹೇಳಲಾಗುವುದಿಲ್ಲ. ಎಡ ಯಾವುದು, ಬಲ ಯಾವುದು, ಒಂದನೇ ಗಾಲಿ ಯಾವುದು ಅನ್ನುವುದೆಲ್ಲ ಆ ಅಕ್ಷರದಿಂದ ಶುರು. ರಿಪೇರಿಗೆ ಬರೆದುಕೊಟ್ಟ ಚೀಟಿ ತಪ್ಪಾದ ಗಾಲಿಗೆ ಹೋಗಬಾರದಲ್ಲ. ಹೈವೋಲ್ಟೇಜ್ ಉಪಕರಣದ ಬಾಗಿಲು, ಮುಚ್ಚಳಗಳ ಮೇಲೆ "ಅಪಾಯ, ಹೈವೋಲ್ಟೇಜ್" ಅಂತಲೋ, "ಅಪಾಯ" ಎಂಬ ಪದದ ಜೊತೆ ವೋಲ್ಟೇಜಿನ ಅಂಕಿಯೋ ಇರಬೇಕು ಅಂತಲೂ ಅದೇ ಭಾಗ ಹೇಳುತ್ತದೆ.

ಕೋಥ್ರೂಡ್ ಹಳಿಗಾರ:

ಎಲ್ಲರಿಗೂ ಮನಸಾರೆ ಧನ್ಯವಾದ. ಕೀಲಿಕೈಗಳ ವಿಷಯ ಓದಿ ಮೈ ಜುಮ್ ಅಂದಿತು, ಯಾವ ಪುಸ್ತಕದಲ್ಲೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಸರ್, ಇನ್ನೆರಡು ಪ್ರಶ್ನೆ. ಇಂಜಿನ್ ಮೇಲೆ ಎಚ್‌ಓಜಿ ಅಂತ ಬರೆದಿರುತ್ತಾರಲ್ಲ, ಅದೂ ಎಚ್ಚರಿಕೆಯೇ? ಮತ್ತೆ ಮಿಂಚಿನ ಪಟ್ಟಿಯನ್ನು ಈ ಅಳತೆಯಲ್ಲಿ ಎಷ್ಟು ದೊಡ್ಡದು ಮಾಡಲಿ?

ಕಲ್ಯಾಣ ಶೆಡ್ ನಿವೃತ್ತ:

ಎಚ್‌ಓಜಿ ಅಂದರೆ ಬೋಗಿಗಳ ಎಸಿ, ದೀಪ, ಪ್ಯಾಂಟ್ರಿಗೆ ಬೇಕಾದ ಕರೆಂಟನ್ನು ಇಂಜಿನ್ನೇ ಕೊಡುತ್ತದೆ ಅಂತ. ಮೊದಲು ಅದಕ್ಕೆ ಗಾಡಿಯ ತುದಿಯಲ್ಲಿ ಡೀಸೆಲ್ ಜನರೇಟರಿನ ಪವರ್ ಕಾರ್ ಗದ್ದಲ ಮಾಡುತ್ತಿತ್ತು. ನೀನು ಕೇಳಿದ್ದು ಸರಿ, ಅದು ಎಚ್ಚರಿಕೆಯೂ ಹೌದು. ಇಂಜಿನ್ನಿನಿಂದ ಬೋಗಿಗೆ ಹೋಗುವ ಕೇಬಲ್‌ನಲ್ಲಿ 750 ವೋಲ್ಟ್ ಇರುತ್ತದೆ. ಇಂಜಿನ್ ಬಿಡಿಸಲು ಎರಡು ಬಫರಿನ ನಡುವೆ ಇಳಿಯುವ ಮನುಷ್ಯ ಮೊದಲು ಸಪ್ಲೈ ಬಂದ್ ಆಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಕೇಬಲ್, ಆಮೇಲೆ ಪೈಪು. ನಿನ್ನ ಮಾದರಿಯ ಎರಡೂ ತುದಿಗೆ ಆ ಸಾಕೆಟ್‌ಗಳನ್ನು ಮಾಡು, ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ.

ಅಳತೆ ಅಂದೆಯಲ್ಲ: ಒಂದು ಗೇಣು ಅಗಲದ ಬೋರ್ಡು ನಿನಗೆ ಎರಡೂವರೆ ಮಿಲಿಮೀಟರ್ ಆಗುತ್ತದೆ. ಅಕ್ಷರ ಓದಲು ಬರದಿದ್ದರೆ ಚಿಂತೆಯಿಲ್ಲ, ಮಿಂಚು ಮಾತ್ರ ಕಾಣಬೇಕು. ಪ್ಯಾಂಟೋ ಎರಡರಲ್ಲಿ ಹಿಂದಿನದನ್ನೇ ಎತ್ತು. ಅದು ಮುರಿದರೂ ಚೂರು ಹಿಂದಕ್ಕೆ ಹೋಗುತ್ತದೆ, ಮುಂದಿನ ಪ್ಯಾಂಟೋ ಉಳಿಯುತ್ತದೆ. ಅಂಟಿಸುವ ಮೊದಲು ಒಂದು ಫೋಟೋ ಇಲ್ಲಿ ಹಾಕು, ಜಾಗ ಸರಿಯಿದೆಯಾ ನೋಡಿ ಹೇಳುತ್ತೇನೆ.