ಆಯಿಲ್ ‘ಕುಡೀತದೆ’ ಅಂದರೆ ಕೆಟ್ಟಿದೆ ಅಂತಲೇ?

ಒಂದು ಕ್ರಿಯಾಪದದ ದೆಸೆಯಿಂದ ನಮ್ಮ ಮನೆಯಲ್ಲಿ ಒಂದು ವಾರದಿಂದ ಮುಖ ಸಿಂಡರಿಸಿಕೊಂಡು ಓಡಾಡುತ್ತಿದ್ದೇವೆ. ಬಲ್ಲವರು ಬಿಡಿಸಿಕೊಡಬೇಕು.

ನನ್ನ ಭಾವಮೈದ ಹದಿಮೂರು ವರ್ಷ ಹಳೆಯದೊಂದು ಟರ್ಬೊ ಪೆಟ್ರೋಲ್ ಕಾರು ಕೊಂಡ. ಮಾರಿದವರು ನನ್ನ ಪರಿಚಯದವರು, ಮಧ್ಯಸ್ತಿಕೆ ನನ್ನದು. ಮೈಸೂರಿನ ಬನ್ನಿಮಂಟಪದ ಗ್ಯಾರೇಜಿನಲ್ಲಿ ಮಂಡ್ಯ ಕಡೆಯ ಮೆಕ್ಯಾನಿಕ್ ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿ, “ಆಯಿಲ್ ಕುಡೀತದೆ ಸಾ, ಹಳೇ ಟರ್ಬೊ ಅಲ್ವಾ” ಅಂದರು. ಅವರು ಹೇಳಿದ್ದು ಸಮಾಧಾನಕ್ಕೆ. ಇವನಿಗೆ ಕೇಳಿಸಿದ್ದು ‘ಕುಡುಕ ಗಾಡಿ’ ಅಂತ. ಅಂದಿನಿಂದ ವಾಪಸ್ ಕೊಡಿಸಿ ಅಂತ ಹಟ.

ವಿಷಯ ಇಷ್ಟು. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪುಟ್ಟ ಯಂತ್ರ. ಅದರ ದಂಡ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ, ಅದೂ ತೆಳ್ಳನೆಯ ಆಯಿಲ್ ಪದರದ ಮೇಲೆ ತೇಲಿಕೊಂಡು. ಅದರ ಸೀಲುಗಳ ಸಂದಿಯಿಂದ ಒಂದಿಷ್ಟು, ಪಿಸ್ಟನ್ ರಿಂಗುಗಳ ಪಕ್ಕದಿಂದ ಒಂದಿಷ್ಟು ಆಯಿಲ್ ಹೋಗುತ್ತದೆ. ಇನ್ನೊಂದಿಷ್ಟು ಎಂಜಿನ್ನಿನ ಒಳಗಿನ ಆವಿಯ ಜೊತೆ ಮತ್ತೆ ಗಾಳಿಯ ದಾರಿ ಹಿಡಿದು ಉರಿದುಹೋಗುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್ ಕೈಪಿಡಿಗಳು 1,000 ಕಿ.ಮೀ.ಗೆ 0.5 ಲೀಟರ್‌ವರೆಗೂ ಸಹಜ ಎನ್ನುತ್ತವೆ. ಕಡ್ಡಿಯ ಮೇಲುಗೆರೆಗೂ ಕೆಳಗೆರೆಗೂ ನಡುವೆ ಸಾಮಾನ್ಯವಾಗಿ ಒಂದು ಲೀಟರಿನಷ್ಟು ಅಂತರ. ಅಂದರೆ ಬೆಂಗಳೂರಿಗೆ ಏಳು ಸಲ ಹೋಗಿಬರುವಷ್ಟರಲ್ಲಿ ಅದು ಕೆಳಗೆರೆ ಮುಟ್ಟಬಹುದು, ಆಗಲೂ ಕೈಪಿಡಿಯ ಪ್ರಕಾರ ಗಾಡಿ ಆರೋಗ್ಯವಾಗಿದೆ! ಮುಂದಿನ ಸರ್ವಿಸಿನವರೆಗೆ ಬಾನೆಟ್ ಎತ್ತದವರಿಗೆ ಇದು ಗೊತ್ತಿರಬೇಕು.

ಈಗ ಪದ. ಆಯಿಲ್ ಹೀಗೆ ಇಳಿಯುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಕನ್ಸಂಪ್ಷನ್’ಗೆ ಕನ್ನಡದಲ್ಲಿ ‘ಬಳಕೆ’ ಎಂದರೆ ನನಗೆ ಒಪ್ಪುವುದಿಲ್ಲ. ಬಳಸುವುದಕ್ಕೆ ಬಳಸುವವನೊಬ್ಬ ಬೇಕು. ಇಲ್ಲಿ ಯಾರೂ ಬಳಸಿಲ್ಲ, ಅದರ ಪಾಡಿಗೆ ಅದು ಇಳಿದಿದೆ. ‘ಸೋರಿಕೆ’ ಅಂತೂ ಅಲ್ಲವೇ ಅಲ್ಲ, ಕೆಳಗೆ ನೆಲ ಒಣಗೇ ಇದೆ. ‘ಹಿಂಗು’ ಹತ್ತಿರ ಬರುತ್ತದೆ, ಆದರೆ ನಮ್ಮ ಕಡೆ ಬಾಯಲ್ಲಿ ‘ಹ’ ಉದುರಿ ಅದೂ ‘ಇಂಗು’ ಆಗುತ್ತದೆ. ಆಮೇಲೆ ನೆಲಕ್ಕೆ ಇಂಗಿತೋ, ಒಗ್ಗರಣೆಗೆ ಬಿತ್ತೋ ಎಂದು ಹುಡುಕಬೇಕು. ‘ಎಣ್ಣೆ’ಯ ಕಥೆ ಕೇಳಲೇಬೇಡಿ. ಎಳ್ಳಿನ ನೆಯ್ ಎಂದು ಹುಟ್ಟಿದ ಆ ಪದ ಈಗ ಮೈಸೂರಿನ ಹುಡುಗರ ಬಾಯಲ್ಲಿ ಎಲ್ಲಿಗೆ ಬಂದಿದೆ ಎಂದು ಗೊತ್ತೇ ಇದೆ. ‘ಗಾಡಿ ಎಣ್ಣೆ ಹೊಡೀತದೆ’ ಎಂದು ಬರೆಯಲು ನನಗೆ ಧೈರ್ಯವಿಲ್ಲ.

ನನ್ನ ಮನಸ್ಸು ‘ತೇಮಾನ’ದ ಕಡೆಗಿದೆ. ಅಕ್ಕಸಾಲಿಗರ ಹತ್ತಿರ ಚಿನ್ನ ಕೆಲಸಕ್ಕೆ ಹೋದರೆ ಇಷ್ಟು ತೇಮಾನ ಎಂದು ಮೊದಲೇ ಲೆಕ್ಕ ಹಿಡಿಯುತ್ತಾರೆ. ಆ ನಷ್ಟ ಕೆಲಸದ್ದೇ ಭಾಗ, ಮಿತಿಯೊಳಗಿದ್ದರೆ ಯಾರೂ ಜಗಳ ತೆಗೆಯುವುದಿಲ್ಲ. (ಮಿತಿ ಎಷ್ಟು ಎಂಬುದಕ್ಕೆ ತೆಗೆಯುತ್ತಾರೆ, ಅದು ಬೇರೆ.) ಎತ್ತಿನ ಗಾಡಿಯ ಕಾಲದಲ್ಲಂತೂ ಈ ತಕರಾರೇ ಇರಲಿಲ್ಲ. ಸುಟ್ಟ ಹುಲ್ಲಿನ ಕರಿಗೆ ಹರಳೆಣ್ಣೆ ಕಲಸಿ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು, ಮುಗಿದರೆ ಮತ್ತೆ ಹಾಕುತ್ತಿದ್ದರು. ಎಲ್ಲಿ ಹೋಯಿತು ಎಂದು ಗಾಡಿಯನ್ನು ಯಾರೂ ವಿಚಾರಿಸಲಿಲ್ಲ.

ನಿನ್ನೆ ಅದೇ ಮೆಕ್ಯಾನಿಕ್‌ರನ್ನು ಮತ್ತೆ ಕೇಳಿದೆ. ಕೆಟ್ಟಿದ್ದರೆ ಏನಂತೀರಿ? “ಆಗ ಕುಡೀತದೆ ಅನ್ನಲ್ಲ ಸಾ, ಹೊಗೆ ಹೊಡೀತದೆ ಅಂತೀವಿ.” ಅವರ ಪರೀಕ್ಷೆಯೂ ಸೊಗಸಾಗಿದೆ. ಚಾಮುಂಡಿ ಬೆಟ್ಟವನ್ನು ಆಕ್ಸಿಲರೇಟರ್ ಮುಟ್ಟದೆ ಗೇರಿನಲ್ಲೇ ಇಳಿದು, ಕೆಳಗೆ ಬಂದು ಒಮ್ಮೆ ಜೋರಾಗಿ ಒತ್ತಬೇಕು. ಹಿಂದೆ ನೀಲಿ ಹೊಗೆ ಎದ್ದರೆ ವಾಲ್ವ್ ಸೀಲು ಸವೆದಿದೆ ಎಂದರ್ಥ, ಇಳಿಯುವಾಗಿನ ಎಳೆತಕ್ಕೆ ಆಯಿಲ್ ಒಳಗೆ ಜಾರಿರುತ್ತದೆ. ನಾವು ಇಳಿದು ನೋಡಿದೆವು, ಹೊಗೆ ಬರಲಿಲ್ಲ. ಭಾವಮೈದ ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

ಹಾಗಾದರೆ ಅವರ ಬಾಯಲ್ಲಿ ‘ಕುಡಿ’ ದೂರಲ್ಲ, ಬರಿಯ ವರದಿ. ಇದು ಗ್ಯಾರೇಜಿನ ರೂಢಿಯೋ, ಮಂಡ್ಯದ್ದೋ? ಟ್ರ್ಯಾಕ್ಟರ್, ಡೀಸೆಲ್ ಪಂಪ್‌ಸೆಟ್ ನಡೆಸುವವರೂ ಹೀಗೇ ‘ಕುಡಿ’, ‘ಹೊಗೆ ಹೊಡಿ’ ಎಂದು ಬೇರೆ ಮಾಡುತ್ತಾರೆಯೇ? ‘ತೇಮಾನ’ವನ್ನು ಚಿನ್ನದ ಆಚೆಗೆ, ಎಣ್ಣೆ-ನೀರಿನಂಥದ್ದಕ್ಕೆ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ?